ಹೊತ್ತಿಗೆ ಸರಿಯಾಗಿ ಬಂದು ಸೇರುವ ಆಟ

(ಮಧುಗಿರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು, ಗ್ಯಾರೇಜ್ ಮೆಕ್ಯಾನಿಕ್‌ಗಳು ಮತ್ತು ಸುತ್ತಲಿನ ಹಳ್ಳಿಗಳ ಕೆಲವು ರೈತರು ಸೇರಿದ್ದ ಸಭೆಯಲ್ಲಿ ಹವ್ಯಾಸಿ ಎಂಡ್ಯುರೊ ಸವಾರರೊಬ್ಬರು ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ನನ್ನ ಮಾತಿನ ವಿಷಯ ‘ಬೈಕ್ ರೇಸ್’ ಎಂದು ಅಚ್ಚಾಗಿದೆ. ನಾನು ಹೇಳಲು ಬಂದಿರುವುದು ಎಂಡ್ಯುರೊ ವಿಚಾರ. ಅದರಲ್ಲಿ ರೇಸಿನ ಭಾಗವೂ ಉಂಟು, ಆದರೆ ಇಡೀ ದಿನದಲ್ಲಿ ಅದು ಸಣ್ಣ ಪಾಲು. ಉಳಿದ ಹೊತ್ತೆಲ್ಲ ಸವಾರನಿಗೆ ಒಂದೇ ಕೆಲಸ: ಕೆಟ್ಟ ದಾರಿಯಲ್ಲಿ, ಬೇರೆಯವರ ಕೈಗೆ ಬೈಕ್ ಕೊಡದೆ, ಹೇಳಿದ ಹೊತ್ತಿಗೆ ಹೇಳಿದ ಜಾಗ ಮುಟ್ಟುವುದು.

ದಿನ ಹೇಗೆ ನಡೆಯುತ್ತದೆ ಅನ್ನುವುದನ್ನು ಮೊದಲು ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ಸವಾರರನ್ನು ನಿಮಿಷಕ್ಕೆ ಇಬ್ಬರೋ ಮೂವರೋ ಎಂದು ಬಿಡುತ್ತಾರೆ. ನಿಮ್ಮ ನಿಮಿಷ 9.14 ಅಂತಿಟ್ಟುಕೊಳ್ಳಿ. ಗಡಿಯಾರ 9.14 ತೋರಿಸಿದ ಮೇಲೆ ಒಂದು ನಿಮಿಷದೊಳಗೆ ಎಂಜಿನ್ ಸ್ಟಾರ್ಟ್ ಮಾಡಿ ಎದುರಿನ ಗೆರೆ ದಾಟಬೇಕು. ಮೊದಲ ಟೈಮ್ ಕಂಟ್ರೋಲ್, ಅಂದರೆ ಬಂದ ಹೊತ್ತನ್ನು ಗುರುತು ಹಾಕುವ ಠಾಣೆ, ತಲುಪಲು 55 ನಿಮಿಷ ಕೊಟ್ಟಿದ್ದರೆ, ಅಲ್ಲಿನ ಮೇಜಿನ ಮೇಲೆ ನಿಮ್ಮ ಟೈಮ್ ಕಾರ್ಡ್ 10.09ಕ್ಕೆ ಬೀಳಬೇಕು. 10.11ಕ್ಕೆ ಕೊಟ್ಟರೆ ಎರಡು ನಿಮಿಷ ದಂಡ. 10.07ಕ್ಕೆ ಕೊಟ್ಟರೂ ಎರಡು ನಿಮಿಷ ದಂಡ. ಮುಂಚೆ ಬಂದವರು ಹೊರಗೆ ನಿಂತು ಚೈನ್ ಬಿಗಿ ನೋಡಿಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ. ನಡುನಡುವೆ ಸ್ಪೆಷಲ್ ಟೆಸ್ಟ್ ಅಂತ ಕೆಲವು ಕಿಲೋಮೀಟರ್‌ಗಳ ತುಂಡು ದಾರಿ ಬರುತ್ತದೆ. ಅಲ್ಲಿ ಮಾತ್ರ ಸೆಕೆಂಡಿನ ಲೆಕ್ಕ, ಅಲ್ಲಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಓಡಿಸಬೇಕು. ಟೆಸ್ಟ್‌ಗಳ ಸಮಯಕ್ಕೆ ದಂಡದ ಸಮಯ ಕೂಡಿಸಿ, ಯಾರದ್ದು ಕಡಿಮೆಯೋ ಅವರು ಮುಂದೆ. ಸಂಜೆ ಬೈಕನ್ನು ಮುಚ್ಚಿದ ಅಂಗಳದಲ್ಲಿ ಬಿಟ್ಟು ಹೋಗಬೇಕು; ಬೆಳಿಗ್ಗೆ ತನಕ ಮುಟ್ಟುವ ಹಾಗಿಲ್ಲ. ದೊಡ್ಡ ಕೂಟಗಳಲ್ಲಿ ಫ್ರೇಮು, ಎಂಜಿನ್ ಕೇಸು, ಚಕ್ರದ ಹಬ್ಬುಗಳಿಗೆ ಬಣ್ಣದ ಗುರುತು ಹಾಕಿರುತ್ತಾರೆ, ರಾತ್ರೋರಾತ್ರಿ ಹೊಸದು ಹಾಕಿಕೊಳ್ಳಬಾರದು ಅಂತ.

ಈ ಪದ್ಧತಿ ಇಂದು ನಿನ್ನೆಯದಲ್ಲ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಪರೀಕ್ಷೆಯೊಂದು ನಡೆಯಿತು. ಮೋಟಾರ್ ಸೈಕಲ್ ಎಂಬ ಹೊಸ ಯಂತ್ರ ಆರು ದಿನ ಕೆಡದೆ ನಡೆಯುತ್ತದೆಯೇ ಎಂದು ನೋಡುವುದೇ ಅದರ ಉದ್ದೇಶ. ಅದೇ ಕೂಟ ಇಂದು ‘ಸಿಕ್ಸ್ ಡೇಸ್ ಎಂಡ್ಯುರೊ’ ಆಗಿ ಉಳಿದಿದೆ. ಅದರ ಪದಕದ ಲೆಕ್ಕ ನನಗೆ ಬಹಳ ಇಷ್ಟ. ತನ್ನ ವಿಭಾಗದ ಮೊದಲಿಗನ ಸಮಯಕ್ಕಿಂತ ಶೇಕಡ 10ರೊಳಗೆ ಬಂದ ಪ್ರತಿಯೊಬ್ಬರಿಗೂ ಚಿನ್ನ. ಗಡುವಿನೊಳಗೆ ಆರು ದಿನವೂ ಮುಗಿಸಿದ ಪ್ರತಿಯೊಬ್ಬರಿಗೂ ಕಡೇಪಕ್ಷ ಕಂಚು. ಊರಲ್ಲಿ ಅಂಗಡಿ ನಡೆಸುವವರು, ಮೇಷ್ಟ್ರು, ಬಡಗಿ, ಯಾರು ಬೇಕಾದರೂ ತಮ್ಮ ಕಂಚನ್ನು ವೃತ್ತಿಪರ ಸವಾರರ ನಡುವೆಯೇ ಓಡಿಸಿ ಗಳಿಸಬಹುದು. ಹವ್ಯಾಸಿಗೆ ಇಷ್ಟು ಮರ್ಯಾದೆ ಕೊಡುವ ಮೋಟಾರ್ ಕ್ರೀಡೆ ನನಗೆ ಇನ್ನೊಂದು ಗೊತ್ತಿಲ್ಲ.

ನಮ್ಮ ಕಡೆಯ ಹವ್ಯಾಸಿ ಕೂಟಗಳಲ್ಲಿ ಈ ನಿಯಮಗಳೆಲ್ಲ ಪೂರ್ತಿ ಇರುವುದಿಲ್ಲ. ಎಷ್ಟೋ ಕಡೆ ಕೆಲವು ಕಿಲೋಮೀಟರ್‌ಗಳ ಸುತ್ತೊಂದನ್ನು ಹಾಕಿ, ಕೊಟ್ಟ ಗಂಟೆಗಳಲ್ಲಿ ಯಾರು ಹೆಚ್ಚು ಸುತ್ತು ಹಾಕುತ್ತಾರೆ ಅಂತ ನೋಡುತ್ತಾರೆ. ಅದೂ ಚೆನ್ನಾಗಿರುತ್ತದೆ. ಆದರೆ ಟೈಮ್ ಕಾರ್ಡ್ ಇಲ್ಲದ ಕಡೆ ಹುಡುಗರು ಮೊದಲ ಸುತ್ತಿನಲ್ಲೇ ಜೀವ ಬಿಟ್ಟು ಓಡಿಸಿ ಮೂರನೆಯದಕ್ಕೆ ಕೈಸೋತು ಕೂರುತ್ತಾರೆ. ಕಾರ್ಡ್ ಇದ್ದರೆ ತಾಳ್ಮೆ ತಾನಾಗಿ ಕಲಿಯುತ್ತಾರೆ. ಇಲ್ಲಿ ಆಯೋಜಕರು ಯಾರಾದರೂ ಕೂತಿದ್ದರೆ ಕೈ ಮುಗಿದು ಕೇಳುತ್ತೇನೆ, ಕಾರ್ಡ್ ತನ್ನಿ.

ಇನ್ನು ನಮ್ಮ ನೆಲ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆ ಎಂಡ್ಯುರೊಗೆ ಹೇಳಿ ಮಾಡಿಸಿದ ನೆಲ, ಇದನ್ನು ಅಭಿಮಾನದಿಂದಲೇ ಹೇಳುತ್ತೇನೆ. ಈ ಸಭಾಂಗಣದ ಬಾಗಿಲಿಗೆ ಹೋಗಿ ನಿಂತರೆ ಕಾಣುವ ಮಧುಗಿರಿಯ ಏಕಶಿಲೆ, ಆಚೆಗೆ ಪಾವಗಡದ ಬೆಟ್ಟ, ಇವೆಲ್ಲ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸೇರಿದವು. ರಾಮನಗರದ ಹಳೆಯ ಹೆಸರಿನಿಂದ ಕರೆಸಿಕೊಳ್ಳುವ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಬಿಸಿಲಿಗೆ ಮಳೆಗೆ ಸವೆದು ಉದುರಿಸುವ ಗರಸು ಇದೆಯಲ್ಲ, ಅದರ ಮೇಲೆ ಓಡಿಸಲು ಕಲಿತವರು ಎಲ್ಲಿ ಬೇಕಾದರೂ ಓಡಿಸಬಲ್ಲರು. ಕೆಳಗೆ ಗಟ್ಟಿ ನೆಲ, ಮೇಲೆ ತೆಳ್ಳಗೆ ಗರಸು: ಸಿಮೆಂಟ್ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಚಕ್ರದಡಿ ಉರುಳುತ್ತದೆ. ಅಲ್ಲಿ ತಿರುವಿನ ನಡುವೆ ಮುಂದಿನ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಜಾರಿ ಸವಾರ ನೆಲಕ್ಕೆ. ಬ್ರೇಕ್ ಕೆಲಸವೆಲ್ಲ ತಿರುವಿಗೆ ಮೊದಲೇ, ನೆಟ್ಟಗಿರುವಾಗಲೇ ಮುಗಿಯಬೇಕು. ತಿರುವಿನಲ್ಲಿ ಹೊರಗಿನ ಫುಟ್‌ಪೆಗ್ ಮೇಲೆ ಭಾರ ಹಾಕಿ, ಮೊಣಕೈ ಎತ್ತಿ, ಕಣ್ಣನ್ನು ತಿರುವಿನ ಆಚೆ ಇಡಬೇಕು. ಹೊಸಬರು ಮುಂದಿನ ಚಕ್ರವನ್ನೇ ನೋಡುತ್ತಾರೆ. ಚಕ್ರದಡಿ ಬಂದ ಕಲ್ಲಿಗೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಹತ್ತು ಹದಿನೈದು ಮೀಟರ್ ಮುಂದಿನ ಕಲ್ಲನ್ನು ನೋಡಿ.

ನಿಂತು ಓಡಿಸುವುದನ್ನು ಮೊದಲು ಕಲಿಯಿರಿ. ಕಾಲಿನ ಬೆರಳ ಬುಡ ಪೆಗ್ ಮೇಲೆ, ಮೊಣಕಾಲು ಟ್ಯಾಂಕಿಗೆ ಒತ್ತಿ, ಹ್ಯಾಂಡಲ್ ಮೇಲೆ ಭಾರವೇ ಬೀಳದ ಹಾಗೆ. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದವರಿಗೆ ಅರ್ಧ ಗಂಟೆಯಲ್ಲಿ ಮುಂಗೈ ಬಿಗಿದು ಕಲ್ಲಾಗುತ್ತದೆ, ಕ್ಲಚ್ ಎಳೆಯಲೂ ಬೆರಳು ಬಾರದು. ಏರಿನಲ್ಲಿ ಬೈಕ್ ನಿಂತುಹೋದರೆ ಗಾಬರಿಯಾಗಿ ಕ್ಲಚ್ ಹಿಡಿದು ಹಿಂದಕ್ಕೆ ಉರುಳಬೇಡಿ. ಗೇರಿನಲ್ಲೇ ಎಂಜಿನ್ ಆರಲಿ, ಅದೇ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ನಿಧಾನವಾಗಿ ಬೈಕನ್ನು ಬೆಟ್ಟದ ಕಡೆಗೇ ಒರಗಿಸಿ, ನೀವು ಮೇಲ್ಗಡೆ ನಿಂತು, ಮುಂದಿನ ಚಕ್ರವನ್ನು ಎಳೆದು ಇಳಿಜಾರಿಗೆ ತಿರುಗಿಸಿಕೊಳ್ಳಿ. ಬೈಕ್ ಯಾವತ್ತೂ ನಿಮಗಿಂತ ಕೆಳಗಿರಬೇಕು.

ಯಾವ ಬೈಕ್ ಅಂತ ಎಲ್ಲರೂ ಕೇಳುತ್ತಾರೆ. ಹಗುರವಾದದ್ದು. ನಮ್ಮ ತಂದೆಯ ಕಾಲದವರು 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಬಂಡಿದಾರಿಗಳನ್ನು ಸುತ್ತಿದ್ದು ಅದು ನೂರು ಕಿಲೋ ಚಿಲ್ಲರೆ ತೂಕ ಇದ್ದದ್ದರಿಂದ. ಈಗ ಕೈಗೆಟಕುವ ಬೆಲೆಗೆ ಸಿಗುವುದರಲ್ಲಿ 2019ರಿಂದ ಬಂದಿರುವ ಹೀರೋ ಎಕ್ಸ್‌ಪಲ್ಸ್ ಒಳ್ಳೆಯ ಪಾಠಶಾಲೆ: ಮುಂದೆ 21 ಇಂಚಿನ ಚಕ್ರ, ಹಿಂದೆ 18, ನೆಲದಿಂದ 220 ಮಿಲಿಮೀಟರ್ ಎತ್ತರ. ಇನ್ನೂರು ಕಿಲೋ ಹತ್ತಿರದ ಅಡ್ವೆಂಚರ್ ಬೈಕುಗಳು ಲಡಾಖಿಗೆ ಸರಿ. ಮಾರ್ಚ್ ಬಿಸಿಲಿನಲ್ಲಿ ಅದನ್ನು ನಾಲ್ಕು ಸಲ ಎತ್ತಿ ನಿಲ್ಲಿಸಿದ ಮೇಲೆ ದೇಹದಲ್ಲಿ ಓಡಿಸುವ ಶಕ್ತಿ ಉಳಿಯದು. ಸ್ಪರ್ಧೆಗೆಂದೇ ಮಾಡಿದ ವಿದೇಶಿ ಎಂಡ್ಯುರೊ ಬೈಕುಗಳಿಗೆ ರಸ್ತೆಯ ನೋಂದಣಿ ಇರುವುದಿಲ್ಲ. ಅವನ್ನು ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡೇ ಬರಬೇಕು, ಶಿರಾ ಗೇಟಿನಿಂದ ಓಡಿಸಿಕೊಂಡು ಬರುವ ಹಾಗಿಲ್ಲ.

ನನ್ನ ಮಾತಿನ ತಿರುಳು ಈಗ ಬರುತ್ತದೆ, ಅದು ರಿಪೇರಿ. ಗ್ಯಾರೇಜಿನವರು ಈ ಆಟಕ್ಕೆ ಬರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ದಾರಿಯಲ್ಲಿ ಕೆಟ್ಟದ್ದನ್ನು ಸವಾರನೇ, ತನ್ನ ಸೊಂಟದ ಚೀಲದಲ್ಲಿರುವ ಸಾಮಾನಿನಿಂದಲೇ, ಸರಿ ಮಾಡಿಕೊಳ್ಳಬೇಕೆಂಬುದು ಎಂಡ್ಯುರೊದ ಹಳೆಯ ನಿಯಮ. ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಕೆಡುವುದು ಟೈರು, ಕಾರಣ ಜಾಲಿ. ಕೆರೆ ಅಂಗಳ, ಗೋಮಾಳ ಎಲ್ಲ ಕಡೆ ಬಳ್ಳಾರಿ ಜಾಲಿ ಹಬ್ಬಿದೆ, ಅದರ ಒಣ ಮುಳ್ಳು ದಪ್ಪ ಟೈರನ್ನೂ ತೂರಿ ಟ್ಯೂಬು ಮುಟ್ಟುತ್ತದೆ. ಟ್ಯೂಬ್ ಬದಲಿಸುವುದನ್ನು ಮನೆ ಅಂಗಳದಲ್ಲಿ, ಪಂಚರ್ ಆಗದೆ ಇರುವಾಗಲೇ, ಮತ್ತೆ ಮತ್ತೆ ಮಾಡಿ ಅಭ್ಯಾಸ ಮಾಡಿ. ಗುಟ್ಟು ಲಿವರಿನ ಬಲದಲ್ಲಿಲ್ಲ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ; ಟೈರಿನ ಒಂದು ಬದಿಯ ಅಂಚನ್ನು ಮೊಣಕಾಲಿನಿಂದ ಒತ್ತಿ ಆ ತಗ್ಗಿಗೆ ಇಳಿಸಿದರೆ ಎದುರು ಬದಿ ತಾನೇ ಸಡಿಲಾಗುತ್ತದೆ. ಅದು ತಿಳಿಯದವರು ಲಿವರ್ ಬಗ್ಗಿಸುತ್ತಾರೆ, ಹೊಸ ಟ್ಯೂಬನ್ನೇ ಚಿವುಟಿ ತೂತು ಮಾಡುತ್ತಾರೆ. ಹಾಕುವಾಗ ಟ್ಯೂಬಿಗೆ ಆಕಾರ ಬರುವಷ್ಟು ಒಂದಿಷ್ಟು ಗಾಳಿ ಇರಲಿ, ಅಂಚಿಗೆ ಸೋಪಿನ ನೀರು ಸವರಿ. ಇನ್ನೊಂದು: ಎರಡು ಅಳತೆಯ ಟ್ಯೂಬು ಹೊರಬೇಡಿ. 21 ಇಂಚಿನ ಮುಂದಿನ ಟ್ಯೂಬನ್ನು ತುರ್ತಿಗೆ ಹಿಂದಿನ 18ಕ್ಕೂ ಹಾಕಿ ಮನೆ ಸೇರಬಹುದು, 18ನ್ನು 21ಕ್ಕೆ ಹಾಕಲಾಗದು.

ಕ್ಲಚ್ ಲಿವರ್ ಹಿಡಿಕೆಯ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಬಿದ್ದಾಗ ಅದು ಮುರಿಯದೆ ತಿರುಗಿಕೊಳ್ಳುವಷ್ಟು ಸಡಿಲ ಇರಲಿ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಬಡಿಯಿರಿ, ಬಿಗಿಯಾದದ್ದು ಟಣ್ ಅನ್ನುತ್ತದೆ, ಸಡಿಲಾದದ್ದು ಡಬ್ ಅನ್ನುತ್ತದೆ, ಕಿವಿಗೇ ಗೊತ್ತಾಗುತ್ತದೆ. ಏರ್ ಫಿಲ್ಟರನ್ನು ಪ್ರತಿ ಕೂಟದ ಮುಂಚೆ ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ. ಬೇಸಿಗೆಯಲ್ಲಿ ನಮ್ಮ ಕೆಂಪು ಧೂಳು ಹಿಟ್ಟಿಗಿಂತ ನಯ, ಒಣ ಫೋಮನ್ನು ದಾಟಿ ಸಿಲಿಂಡರಿನ ಗೋಡೆ ತಿನ್ನುತ್ತದೆ. ನೀರಿನಲ್ಲಿ ಮುಳುಗಿದ ಬೈಕಿನ ಸೆಲ್ಫ್ ಒತ್ತಬೇಡಿ, ನೀರು ಹಿಂಡಿಕೊಳ್ಳದ ವಸ್ತು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮೊದಲು ಪ್ಲಗ್ ಬಿಚ್ಚಿ, ಏರ್ ಬಾಕ್ಸ್ ಖಾಲಿ ಮಾಡಿ, ಪ್ಲಗ್ ತೂತಿನಿಂದ ನೀರೆಲ್ಲ ಹೊರಬರುವ ತನಕ ಎಂಜಿನ್ ತಿರುಗಿಸಿ.

ನೀರಿನ ಮಾತು ಬಂತು. ಕೋಲಾರದ ಕಡೆ ಹಳೆಯ ಸವಾರರು ಬಲ್ಲ ಎಷ್ಟೋ ಕೆರೆ ಅಂಗಳಗಳು ಈಗ ದಾರಿಗಳಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧಮಾಡಿ ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ವರ್ಷಗಟ್ಟಲೆ ಬಿರುಕು ಬಿಟ್ಟಿದ್ದ ನೆಲದಲ್ಲಿ ನೀರು ನಿಂತಿದೆ. ಹಳೆಯ ಜಿಪಿಎಸ್ ಗೆರೆ ನಂಬಿಕೊಂಡು ಇಳಿಯಬೇಡಿ, ಆ ನೀರಿನಲ್ಲಿ ಬೈಕ್ ಆಡಿಸಲೂ ಬೇಡಿ.

ರೈತರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನಿಮ್ಮ ಎದುರಿಗೇ ಹುಡುಗರಿಗೆ ಒಂದು ಮಾತು ಹೇಳಬೇಕು. ಮೊಬೈಲ್ ವಿಡಿಯೊಗಳಲ್ಲಿ ಎಲ್ಲರಿಗೂ ಪ್ರಿಯವಾದದ್ದು ಬದುವಿನ ಮೇಲಿಂದ ಬೈಕ್ ಹಾರಿಸುವುದು. ಆ ಬದು ಯಾರೋ ಕೂಲಿಯವರು ಬಿಸಿಲಲ್ಲಿ ಅಗೆದು ಹಾಕಿದ್ದು. ಇಳಿಜಾರಿನ ಮಣ್ಣು ಕೊಚ್ಚಿಹೋಗದಿರಲಿ, ಬಿದ್ದ ಹನಿ ಅಲ್ಲೇ ಇಂಗಲಿ ಅಂತ ಹಾಕಿದ್ದು. ಅದರ ನೆತ್ತಿಯ ಮೇಲೆ ಒಂದೇ ಜಾಗದಲ್ಲಿ ಇಪ್ಪತ್ತು ಸಲ ಚಕ್ರ ಹಾಯ್ದರೆ ಅಲ್ಲೊಂದು ಕಚ್ಚು ಬೀಳುತ್ತದೆ. ಮುಂಗಾರಿನ ಮೊದಲ ಜೋರು ಮಳೆಗೆ ಮೇಲಿನ ನೀರೆಲ್ಲ ಆ ಕಚ್ಚನ್ನೇ ಹುಡುಕಿಕೊಂಡು ಬರುತ್ತದೆ, ಬದು ಒಡೆಯುತ್ತದೆ, ಕೆಳಗಿನ ಹೊಲದ ಮೇಲ್ಮಣ್ಣು ಹಳ್ಳ ಸೇರುತ್ತದೆ. ಇಳಿಜಾರಿನಲ್ಲಿ ನೆಟ್ಟಗೆ ಮೇಲಿಂದ ಕೆಳಗೆ ಬಿದ್ದ ಟೈರಿನ ಗೆರೆಯೂ ಅಷ್ಟೇ, ನೋಡನೋಡುತ್ತ ಕೊರಕಲಾಗುತ್ತದೆ. ಸಾವಿರ ಅಡಿ ಕೊರೆದರೂ ಬೋರಿನಲ್ಲಿ ನೀರು ಸಿಗದ ಊರುಗಳಲ್ಲಿ ನಾವು ಈ ಆಟ ಆಡುತ್ತಿದ್ದೇವೆ. ಬದು ಮುರಿಯುವ ಸವಾರನನ್ನು ನನ್ನ ಜೊತೆ ನಾನು ಕರೆದುಕೊಂಡು ಹೋಗುವುದಿಲ್ಲ.

ಕೂಟ ಮಾಡುವವರು ಜಮೀನಿನ ಒಡೆಯರಿಂದ ಬರಹದಲ್ಲಿ ಒಪ್ಪಿಗೆ ತರಬೇಕು, ಪಂಚಾಯಿತಿಗೆ, ಪೊಲೀಸರಿಗೆ ತಿಳಿಸಬೇಕು, ಮುಗಿದ ಮೇಲೆ ಗುದ್ದಲಿ ಹಿಡಿದು ದಾರಿಯನ್ನು ಸರಿಮಾಡಿ ಕೊಡಬೇಕು. ರಾಗಿ, ಅವರೆ, ಕಡಲೆಕಾಯಿ ಎಲ್ಲ ಕಟಾವಾಗಿ ಹೊಲ ಬಿಡುವಾದ ಮೇಲಷ್ಟೇ ದಿನ ಗೊತ್ತು ಮಾಡಬೇಕು. ಅದರಲ್ಲೂ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ವಾರ ಬೇಡವೇ ಬೇಡ, ಓದುವ ಮಕ್ಕಳ ಕಿವಿಗೆ ನಮ್ಮ ಸೈಲೆನ್ಸರ್ ಬೀಳಬಾರದು. ಅರಣ್ಯದ ಗಡಿ ದಾಟುವ ಮಾತೇ ಇಲ್ಲ. ದೇವರಾಯನದುರ್ಗದ ಕಾಡು, ಇದೇ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು, ತಿಪಟೂರು ಕಡೆಯ ಅಮೃತಮಹಲ್ ಕಾವಲುಗಳು, ಇವು ಖಾಲಿ ಮೈದಾನ ಅಲ್ಲ. ಆ ಹುಲ್ಲಿನ ನಡುವೆ ನೆಲದ ಮೇಲೇ ಮೊಟ್ಟೆಯಿಡುವ ಟಿಟ್ಟಿಭ, ಗೌಜಲ ಹಕ್ಕಿಗಳಿವೆ. ಚಕ್ರಕ್ಕೆ ಅವು ಕಾಣುವುದೂ ಇಲ್ಲ.

ರೈತರು ನಮ್ಮನ್ನು ಕಾಪಾಡುವವರೂ ಹೌದು. ನಮ್ಮ ಜಿಲ್ಲೆಗಳಲ್ಲಿ ಸವಾರನಿಗೆ ಬಂಡೆಗಿಂತ ದೊಡ್ಡ ಅಪಾಯ ಪಾಳುಬಾವಿ. ನೀರು ಬತ್ತಿ ಬಿಟ್ಟುಬಿಟ್ಟ ತೆರೆದ ಬಾವಿಗಳು, ಸುತ್ತ ಕಟ್ಟೆಯಿಲ್ಲ, ಮೇಲೆ ಲಂಟಾನ ಮುಚ್ಚಿಕೊಂಡಿದೆ. ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಉಪಗ್ರಹದ ನಕ್ಷೆಯಲ್ಲಿ ಸಿಗದ ಈ ಬಾವಿಗಳು ಎಲ್ಲೆಲ್ಲಿವೆ ಎಂಬುದು ಆ ಊರಿನ ಕುರಿ ಮೇಯಿಸುವವರಿಗೆ ಗೊತ್ತು. ದಾರಿ ಗೊತ್ತುಮಾಡುವ ದಿನ ಅವರನ್ನು ಕರೆದುಕೊಂಡು, ಕೂಲಿ ಕೊಟ್ಟು, ಇಡೀ ಸುತ್ತನ್ನು ಕಾಲ್ನಡಿಗೆಯಲ್ಲಿ ನಡೆಯದ ಆಯೋಜಕರ ಕೂಟಕ್ಕೆ ಹೆಸರು ಕೊಡಬೇಡಿ. ಹೆಸರು ಕೊಡುವ ಮುಂಚೆ ಕೇಳಬೇಕಾದ್ದು ಇನ್ನೂ ಇವೆ: ಸ್ಥಳದಲ್ಲಿ ಆಂಬುಲೆನ್ಸ್ ಇದೆಯೇ, ಅದು ದಾರಿಯ ಅತಿ ದೂರದ ತುದಿ ತಲುಪುತ್ತದೆಯೇ, ಕೊನೆಯ ಸವಾರನ ಹಿಂದೆ ಸ್ವೀಪ್, ಅಂದರೆ ಹಿಂದುಳಿದವರನ್ನು ನೋಡಿಕೊಂಡು ಬರುವವರು, ಬರುತ್ತಾರೆಯೇ, ಎಫ್‌ಎಂಎಸ್‌ಸಿಐ ಅನುಮತಿ ಪಡೆದಿದ್ದಾರೆಯೇ. ಈ ಒಕ್ಕೂಟ 1971ರಿಂದ ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುತ್ತಿದೆ.

ನಿಮ್ಮ ಬೈಕಿನ ವಿಮೆಯ ಕಾಗದವನ್ನೂ ಇವತ್ತು ಮನೆಗೆ ಹೋಗಿ ಓದಿ. ಮಾಮೂಲಿ ಪಾಲಿಸಿಯಲ್ಲಿ ಯಾವುದಕ್ಕೆ ಪರಿಹಾರ ಇಲ್ಲ ಎಂದು ಬರೆದಿರುತ್ತದಲ್ಲ, ಅಲ್ಲಿ ಆಯೋಜಿತ ರೇಸು, ವೇಗ ಪರೀಕ್ಷೆಯ ಜೊತೆಗೆ ‘ರಿಲಯಬಿಲಿಟಿ ಟ್ರಯಲ್’, ಅಂದರೆ ಗಾಡಿ ಕೆಡದೆ ನಡೆಯುತ್ತದೆಯೇ ಎಂಬ ಪರೀಕ್ಷೆ, ಕೂಡ ಇರುತ್ತದೆ. 1913ರಲ್ಲಿ ಕಾರ್ಲೈಲ್‌ನಲ್ಲಿ ನಡೆದದ್ದು ಅದೇ, ನಾವು ಭಾನುವಾರ ಆಡುವುದೂ ಅದೇ. ಕೂಟದಲ್ಲಿ ಬಿದ್ದ ಬೈಕಿಗೆ ಆ ಪಾಲಿಸಿ ಬರುವುದಿಲ್ಲ, ನಿಮ್ಮ ಮೈಗೆ ಬೇರೆಯೇ ಅಪಘಾತ ವಿಮೆ ಬೇಕು, ಅದರಲ್ಲೂ ಇಂಥ ಕ್ರೀಡೆ ಸೇರಿದೆಯೇ ಅಂತ ಕೇಳಿಯೇ ಸಹಿ ಹಾಕಬೇಕು.

ಮೈಯ ಮೇಲಿನ ರಕ್ಷಣೆ ಬಗ್ಗೆ ನಾನು ಬಿಗಿ. ಬೈಕಿಗೆ ಆಟದ ಸಾಮಾನು ಕೊಳ್ಳುವ ಮುಂಚೆ ಬೂಟು ಕೊಳ್ಳಿ, ಮೊಣಕಾಲಿನ ತನಕ ಬರುವ ಎಂಡ್ಯುರೊ ಬೂಟು. ನಿಧಾನ ವೇಗದಲ್ಲಿ ಬೈಕಿಗೂ ಬಂಡೆಗೂ ನಡುವೆ ಕಾಲು ಸಿಕ್ಕಿಕೊಳ್ಳುವುದೇ ಇಲ್ಲಿ ಹೆಚ್ಚು. ಆಮೇಲೆ ಹೆಲ್ಮೆಟ್, ಗಾಗಲ್, ಮೊಣಕಾಲು ಮೊಣಕೈ ಗಾರ್ಡ್, ಎದೆ ಬೆನ್ನಿನ ಕವಚ. ಮರುಭೂಮಿಯಲ್ಲಿ ಹಲವು ದಿನ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ, ಮೊದಲ ಪ್ರಯತ್ನದಲ್ಲೇ, 36ನೇ ಸ್ಥಾನ. ಆಮೇಲೆ ಅವರು ನಮ್ಮ ಪಕ್ಕದ ಕೋಲಾರದಲ್ಲೇ ಸವಾರರಿಗೆ ತರಬೇತಿಯ ಮೈದಾನ ಕಟ್ಟಿದರು. ಅಂಥ ಅನುಭವಿ 2021ರಲ್ಲಿ ಸೌದಿ ಅರೇಬಿಯಾದಲ್ಲಿ ಡಕಾರ್‌ನ ನಾಲ್ಕನೇ ಹಂತದಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ ಕೋಮಾದಲ್ಲಿ ಇರಬೇಕಾಯಿತು. ದೇವರ ದಯೆ, ಚೇತರಿಸಿಕೊಂಡರು. ಅವರಷ್ಟು ಬಲ್ಲವರಿಗೆ ಆದದ್ದು ನಮಗೂ ಆಗಬಹುದೆಂದು ತಿಳಿದೇ ಬೆಳಿಗ್ಗೆ ಹೆಲ್ಮೆಟ್ ಪಟ್ಟಿ ಬಿಗಿಯಬೇಕು.

ಹೆಣ್ಣುಮಕ್ಕಳು ಹಿಂದಿನ ಸಾಲಿನಲ್ಲಿದ್ದೀರಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಕಚ್ಚಾ ನೆಲದ ರ‍್ಯಾಲಿಗಳ ಸರಣಿಯಾದ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಬಂಡೆ ಹತ್ತುವುದಕ್ಕೆ ತೋಳಿನ ಬಲಕ್ಕಿಂತ ಕ್ಲಚ್ಚಿನ ಹದ ಮುಖ್ಯ. ಮುಂದಿನ ಕೂಟದಲ್ಲಿ ನಿಮ್ಮ ಹೆಸರೂ ಪಟ್ಟಿಯಲ್ಲಿರಲಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: ಆಸ್ಟ್ರಿಯಾದ ಎರ್ಜ್‌ಬರ್ಗ್‌ನಲ್ಲಿ ಕಬ್ಬಿಣದ ಗಣಿಯೊಳಗೇ ಎಂಡ್ಯುರೊ ನಡೆಯುತ್ತದಲ್ಲ, ನಾವು ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮೇಲೆ ಯಾಕೆ ಮಾಡಬಾರದು? ಎರ್ಜ್‌ಬರ್ಗ್ 1995ರಿಂದ ನಡೆಯುತ್ತಿರುವುದು ನಿಜ. ಕೊನೆಯ ಓಟಕ್ಕೆ 500 ಜನ ಹೊರಡುತ್ತಾರೆ, ನಾಲ್ಕು ಗಂಟೆಯ ಗಡುವಿನಲ್ಲಿ ಮುಗಿಸುವವರು ಕೆಲವೇ ಮಂದಿ. ಆದರೆ ಅಲ್ಲಿರುವುದು ಬಂಡೆ. ಕೆಜಿಎಫ್ ದಿಬ್ಬಗಳು ಚಿನ್ನ ತೆಗೆಯಲು ಅದಿರನ್ನು ಹಿಟ್ಟು ಮಾಡಿ ಸೈನೈಡ್ ಹಾಕಿ ತೊಳೆದು ಸುರಿದ ಪುಡಿ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಗಾಳಿ ಎದ್ದಾಗ ಆ ಧೂಳು ಅಲ್ಲಿನ ಕಾಲೋನಿಗಳ ಮನೆಯೊಳಗೆ ಬರುತ್ತದೆ. ನಮ್ಮ ಟೈರು ಅದರ ಮೇಲಿನ ಗಟ್ಟಿ ಪದರ ಒಡೆದರೆ ಇನ್ನಷ್ಟು ಧೂಳು ಏಳುತ್ತದೆ, ಅದನ್ನು ಉಸಿರಾಡುವವರು ಅಲ್ಲಿ ಮನೆ ಮಾಡಿಕೊಂಡಿರುವ ಗಣಿ ಕಾರ್ಮಿಕರ ಕುಟುಂಬಗಳು. ಬೇಡ.

ಇನ್ನೊಬ್ಬರು ಗ್ಯಾರೇಜಿನ ಹುಡುಗ. ಬೈಕ್ ಇಲ್ಲ, ಪ್ರವೇಶ ಶುಲ್ಕಕ್ಕೆ ದುಡ್ಡಿಲ್ಲ, ಆದರೂ ಬರಬಹುದಾ ಅಂತ ಕೇಳಿದರು. ಬರಬಹುದು, ಮಾರ್ಷಲ್ ಆಗಿ ಬನ್ನಿ. ಬೈಕ್ ಇರುವವರಿಗೂ ನಾನು ಹೇಳುವುದು ಇದನ್ನೇ: ಮೊದಲ ಕೂಟಕ್ಕೆ ಬೈಕ್ ತರಬೇಡಿ. ಒಂದು ತಿರುವಿನಲ್ಲಿ ಹಳದಿ ಬಾವುಟ ಹಿಡಿದು ಬೆಳಿಗ್ಗೆಯಿಂದ ಸಂಜೆ ತನಕ ನಿಂತರೆ ಒಂದೇ ಕಲ್ಲನ್ನು ಅರವತ್ತು ಜನ ಅರವತ್ತು ರೀತಿಯಲ್ಲಿ ದಾಟುವುದನ್ನು ನೋಡುತ್ತೀರಿ. ಯಾರು ಎಲ್ಲಿ ಬ್ರೇಕ್ ಬಿಟ್ಟರು, ಯಾರ ಕಣ್ಣು ಎಲ್ಲಿತ್ತು, ಮಧ್ಯಾಹ್ನದ ಮೇಲೆ ಯಾರ ಮೊಣಕಾಲು ನಡುಗುತ್ತಿತ್ತು, ಎಲ್ಲ ಕಾಣುತ್ತದೆ. ಯಾರಾದರೂ ಬಿದ್ದರೆ ಮೊದಲು ಬಾವುಟ ಬೀಸಿ ಹಿಂದಿನವರನ್ನು ನಿಧಾನಿಸಬೇಕು, ಆಮೇಲೆ ಮಾತಾಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಹೆಲ್ಮೆಟ್ ಎಳೆಯದೆ ತಲೆ ಕುತ್ತಿಗೆ ಅಲುಗದಂತೆ ಹಿಡಿದು ವೈದ್ಯರನ್ನು ಕರೆಸಬೇಕು. ಉಸಿರೇ ಆಡದಿದ್ದರೆ ಏನು ಮಾಡಬೇಕೆಂದು ಬೆಳಿಗ್ಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಬರುವಾಗ ಟೋಪಿ, ಕುಡಿಯಲು ಸಾಕಷ್ಟು ನೀರು, ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ತನ್ನಿ.